ಉತ್ತರ ಕೊಟ್ಟವರಿಗೆ ಉತ್ತರ

ಬ್ಯಾಂಕಿನ ಕೌಂಟರಿನಲ್ಲಿ ಹಣ ಕಟ್ಟಿದವನನ್ನು ರಸೀದಿ ಕೊಡದೆ ಕಳಿಸುವಂತಿಲ್ಲ. ಕಟ್ಟಿದ್ದು ಹತ್ತೇ ರೂಪಾಯಿಯಾದರೂ ಚಲನ್ನಿನ ಒಂದು ಭಾಗವನ್ನು ಹರಿದು, ಮೊಹರು ಒತ್ತಿ, ಅವನ ಕೈಗೆ ಕೊಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ಹಣದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ಲೋಕ ಮಾತಿನ ವಿಷಯದಲ್ಲಿ ಹಾಗಿಲ್ಲ. ಒಬ್ಬ ಹೆಂಗಸು ತನ್ನ ಕೆಮ್ಮು, ನಿದ್ದೆಗೆಟ್ಟ ರಾತ್ರಿಗಳು, ಗಂಡನ ಕುಡಿತ, ಹುಟ್ಟಿ ಸತ್ತ ಮಗುವಿನ ಸಂಗತಿ ಇವನ್ನೆಲ್ಲ ಜಗಲಿಗೆ ಬಂದ ಅಪರಿಚಿತರಿಗೆ ಹೇಳುತ್ತಾಳೆ. ಅವರು ಬರೆದುಕೊಂಡು ಹೋಗುತ್ತಾರೆ. ಅವಳ ಮಾತು ಅಂಕಿಯಾಗಿ, ಕೋಷ್ಟಕವಾಗಿ, ದೂರದ ಯಾವುದೋ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅವಳಿಗೆ ಸಿಗುವ ರಸೀದಿ ಯಾವುದು? ಜನರ ಆರೋಗ್ಯವನ್ನೂ ನಡವಳಿಕೆಯನ್ನೂ ಕುರಿತು ಸಂಶೋಧನೆ ಮಾಡುವವರು, ತಮಗೆ ಉತ್ತರ ಕೊಟ್ಟವರಿಗೆ ಏನನ್ನು ಸಲ್ಲಿಸಬೇಕು? ಈ ಲೇಖನದಲ್ಲಿ ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇಷ್ಟೇ.

ನಾನು ವಿದ್ವಾಂಸನಲ್ಲ. ಹೊಸೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಓದಿದ್ದು ಬಿ.ಎ. ಆದರೆ ಈ ಪ್ರಶ್ನೆಯನ್ನು ಕೇಳಲು ಪ್ರಶ್ನಾವಳಿಯ ಈಚೆ ಬದಿಯಲ್ಲಿ ಕುಳಿತವನಿಗೂ ಹಕ್ಕಿದೆ ಎಂದು ನಂಬಿದ್ದೇನೆ.

ಮೊದಲಿಗೆ ವಿದ್ವತ್ ಪತ್ರಿಕೆಯ ರೀತಿಯನ್ನು ಹೇಳಬೇಕು. ವೈದ್ಯರೋ ಸಮಾಜವಿಜ್ಞಾನಿಗಳೋ ಬರೆದು ಕಳಿಸಿದ ಲೇಖನವನ್ನು ಸಂಪಾದಕರು ನೇರವಾಗಿ ಅಚ್ಚಿಗೆ ಕೊಡುವುದಿಲ್ಲ. ಅದೇ ವಿಷಯವನ್ನು ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಇದಕ್ಕೆ ಸಮಾನಸ್ಕಂಧರ ಪರಿಶೀಲನೆ ಎನ್ನಬಹುದು. ಪರಿಶೀಲಿಸುವವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ; ಬಹುಪಾಲು ಪತ್ರಿಕೆಗಳಲ್ಲಿ ಅವರ ಹೆಸರೂ ಲೇಖಕರಿಗೆ ತಿಳಿಯುವುದಿಲ್ಲ. ಎಷ್ಟು ಜನರನ್ನು ಕೇಳಿದಿರಿ, ಹೇಗೆ ಆರಿಸಿದಿರಿ, ಹೋಲಿಕೆಗೆ ಬೇರೊಂದು ಗುಂಪನ್ನು ಇಟ್ಟುಕೊಂಡಿದ್ದೀರಾ, ಲೆಕ್ಕ ಸರಿಯೇ, ಲೆಕ್ಕಕ್ಕೆ ಮೀರಿದ ಮಾತನ್ನು ಆಡಿದ್ದೀರಾ ಎಂದು ಅವರು ಕೇಳುತ್ತಾರೆ. ತಿಂಗಳುಗಟ್ಟಲೆ ಓಲೆಗಳು ಓಡಾಡುತ್ತವೆ. ಎಷ್ಟೋ ಲೇಖನಗಳು ಅಲ್ಲೇ ಬಿದ್ದುಹೋಗುತ್ತವೆ.

ನನಗೆ ಈ ಪದ್ಧತಿಯ ಮೇಲೆ ಗೌರವವಿದೆ. ನಮ್ಮಲ್ಲೂ ಒಬ್ಬ ಬರೆದ ವೋಚರನ್ನು ಇನ್ನೊಬ್ಬ ನೋಡಿ ಸಹಿ ಹಾಕಿದ ಮೇಲೆಯೇ ಹಣ ಕದಲುವುದು. ಬರೆದವನು ಕಳ್ಳನೆಂಬ ಶಂಕೆಯಿಂದ ಈ ನಿಯಮ ಹುಟ್ಟಿಲ್ಲ. ತಾನೇ ಬರೆದದ್ದರಲ್ಲಿ ತಪ್ಪು ತನಗೆ ಕಾಣುವುದಿಲ್ಲ ಎಂಬ ವಿವೇಕದಿಂದ ಹುಟ್ಟಿದೆ.

ಆದರೆ ಎರಡನೆಯ ಸಹಿಗೂ ಒಂದು ಮಿತಿಯಿದೆ. ಸಹಿ ಹಾಕುವವನು ನೋಡುವುದು ಕಾಗದವನ್ನು. ಪರಿಶೀಲಕನೂ ಲೇಖನವನ್ನು ಓದುತ್ತಾನೆಯೇ ಹೊರತು ಹಳ್ಳಿಗೆ ಹೋಗುವುದಿಲ್ಲ. ರೋಗಿಯ ಮುಖ ನೋಡುವುದಿಲ್ಲ. 1998ರಲ್ಲಿ ಲಂಡನ್ನಿನ ಪ್ರತಿಷ್ಠಿತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳನ್ನು ಕುರಿತು ಬರೆದ ಲೇಖನ ಬಂತು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಒಟ್ಟಾಗಿ ಹಾಕುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಅದರಿಂದ ಹಬ್ಬಿತು. ಪತ್ರಿಕೆ ಆ ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ 12 ವರ್ಷಗಳಲ್ಲಿ ಎಷ್ಟೋ ತಂದೆತಾಯಿಗಳು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸದೆ ಉಳಿದರು. ಸಮಾನಸ್ಕಂಧರ ಕಣ್ಣಿಗೆ ಬೀಳದ್ದೂ ಇರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ ಸಾಕು.

ಆರೋಗ್ಯದ ಜೊತೆಗೆ ನಡವಳಿಕೆಯನ್ನೂ ಪರೀಕ್ಷಿಸುವ ಸಂಶೋಧನೆಗೆ ಇನ್ನೊಂದು ವಿಶೇಷವಿದೆ. ಅದು ಜನರ ಮೇಲೆ ತೀರ್ಪು ಕೊಡುತ್ತದೆ. ರೋಗ ಬಂದದ್ದು ಯಾರ ತಪ್ಪಿನಿಂದ? ಇವರು ಕೊಳಕರೇ? ಮೂಢರೇ? ಹೇಳಿದ ಮಾತು ಕೇಳದವರೇ? ಇಂಥ ಆಪಾದನೆಗಳು ಮೊದಲೇ ಗಾಳಿಯಲ್ಲಿರುತ್ತವೆ. ಅಧ್ಯಯನ ಅವನ್ನು ಒರೆಗೆ ಹಚ್ಚುತ್ತದೆ. ಹಚ್ಚಿದಾಗ ಹಲವು ಸಲ ಆದದ್ದೇನೆಂದರೆ, ಬಡವರು ನಿರ್ದೋಷಿಗಳೆಂದು ಸಾಬೀತಾಯಿತು. ನಮ್ಮ ನೆಲದಲ್ಲೇ ನಡೆದ ಎರಡು ಉದಾಹರಣೆಗಳನ್ನು ನೋಡೋಣ.

1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗದ ಔಷಧ ಚಿಕಿತ್ಸೆಗಾಗಿ ಒಂದು ಸಂಶೋಧನಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇವು ಸೇರಿ ನಡೆಸಿದ ಕೆಲಸ. ಮುಂದಾಳು ಡಾ. ವಾಲೆಸ್ ಫಾಕ್ಸ್. ಕ್ಷಯರೋಗಿಯನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು ಒಳ್ಳೆಯ ಗಾಳಿ, ಒಳ್ಳೆಯ ಊಟ, ಪೂರ್ಣ ವಿಶ್ರಾಂತಿ ಕೊಟ್ಟರೆ ಮಾತ್ರ ಗುಣವಾಗುತ್ತದೆ ಎಂಬುದು ಆಗಿನ ನಂಬಿಕೆ. ಇಕ್ಕಟ್ಟಾದ ಮನೆಯ ಬಡವನಿಗೆ ಮಾತ್ರೆ ಕೊಟ್ಟು ಕಳಿಸಿದರೆ ಅವನು ನುಂಗುವುದಿಲ್ಲ, ಮನೆಮಂದಿಗೂ ರೋಗ ಹರಡುತ್ತಾನೆ ಎಂಬ ಅನುಮಾನವೂ ಅದರೊಳಗೆ ಸೇರಿತ್ತು. ಕೇಂದ್ರದವರು 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿಗೂ ಇನ್ನೊಂದನ್ನು ಅವರವರ ಮನೆಗೂ ಕಳಿಸಿದರು. ಮಾತ್ರೆ ನುಂಗಿದರೋ ಇಲ್ಲವೋ ಎಂದು ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆಯನ್ನೂ ಮಾಡಿದರು. ಮನೆಯಲ್ಲೇ ಉಳಿದವರು ಸ್ಯಾನಟೋರಿಯಮ್ಮಿನವರಷ್ಟೇ ಗುಣವಾಗುತ್ತಿದ್ದರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಬುಲೆಟಿನ್’ನಲ್ಲಿ ಅಚ್ಚಾದ ಈ ವರದಿ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ತಿರುಗಿಸಿತು. ಮನೆಮಂದಿಗೆ ರೋಗ ತಗಲುವ ಅಪಾಯವೂ ಅದರಿಂದ ಹೆಚ್ಚಲಿಲ್ಲವೆಂದು ಮುಂದಿನ ವರದಿಗಳು ತೋರಿಸಿದವು.

ಎರಡನೆಯದು ಕನ್ನಡ ನಾಡಿನದೇ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿದ್ದ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನೂ ಇಲ್ಲದವರನ್ನೂ ಮಾತನಾಡಿಸಿ ಒಂದು ಸಾಮಾಜಿಕ ಅಧ್ಯಯನ ಮಾಡಿದರು. 1963ರಲ್ಲಿ ಅದೂ ಅದೇ ‘ಬುಲೆಟಿನ್’ನಲ್ಲಿ ಬಂತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವವರಲ್ಲ ಎಂಬುದು ಪಟ್ಟಣದವರ ತಿಳಿವಳಿಕೆಯಾಗಿತ್ತು. ಕಂಡುಬಂದದ್ದು ಬೇರೆ. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಗಾಗಿ ಆಗಲೇ ಅಲೆದಿದ್ದರು. ಹೋದಲ್ಲಿ ಅವರ ಕಫ ನೋಡಿದವರಿಲ್ಲ. ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧದ ಸೀಸೆ. ತಪ್ಪು ರೋಗಿಯ ಕಡೆ ಇರಲಿಲ್ಲ, ಆಸ್ಪತ್ರೆಯ ಕಡೆ ಇತ್ತು. ಕೆಮ್ಮುತ್ತಾ ತಾನಾಗಿ ಬಂದವನ ಕಫವನ್ನು ಊರ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನೀತಿಗೆ ಈ ಕಾಣ್ಕೆಯೇ ಒಂದು ಆಧಾರವಾಯಿತು.

ಈ ಎರಡೂ ವರದಿಗಳು ಒಂದು ರೀತಿಯಲ್ಲಿ ಖುಲಾಸೆಯ ತೀರ್ಪುಗಳು. ಆದರೆ ನ್ಯಾಯಾಲಯದಲ್ಲಿ ಖುಲಾಸೆಯಾದವನಿಗೆ ತೀರ್ಪನ್ನು ಓದಿ ಹೇಳುತ್ತಾರೆ. ಇಲ್ಲಿ ತೀರ್ಪು ಇಂಗ್ಲಿಷಿನಲ್ಲಿ ಅಚ್ಚಾಗಿ ಕಪಾಟು ಸೇರುತ್ತದೆ. ಆಪಾದನೆ ಹೊತ್ತವನು ಹೊತ್ತಂತೆಯೇ ಊರಲ್ಲಿ ತಿರುಗುತ್ತಾನೆ. ನಾನು ಇದನ್ನು ಬರಿಯ ತರ್ಕಕ್ಕಾಗಿ ಹೇಳುತ್ತಿಲ್ಲ. ನಮ್ಮ ಮನೆಯೊಳಗೇ ಕಂಡಿದ್ದೇನೆ.

ನಮ್ಮ ಹಳ್ಳಿ ರಾಯಕೋಟೆಯ ಆಚೆಗಿದೆ. ಧರ್ಮಪುರಿ ಮತ್ತು 2004ರಲ್ಲಿ ಅದರಿಂದ ಬೇರೆಯಾದ ಕೃಷ್ಣಗಿರಿ, ಈ ಎರಡು ಜಿಲ್ಲೆಗಳ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದಕ್ಕಿಂತ ಹೆಚ್ಚಿರುವ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಏಳುತ್ತವೆ. ಎಷ್ಟು ಉಜ್ಜಿದರೂ ಹೋಗುವ ಕಲೆಗಳಲ್ಲ ಅವು, ಹಲ್ಲಿನೊಳಗೇ ಕೂತದ್ದು. 1990ರ ದಶಕದ ಕೊನೆಯಲ್ಲಿ ನನ್ನ ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಕಾಫಿ ಮುಗಿಸಿ ಹೋಗಿ, “ಹುಡುಗಿಗೆ ಹಲ್ಲುಜ್ಜುವ ಅಭ್ಯಾಸವಿಲ್ಲವೇನೋ” ಎಂದು ಮಧ್ಯಸ್ಥರ ಬಾಯಲ್ಲಿ ಹೇಳಿ ಕಳಿಸಿದರು. ಅಕ್ಕ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಒಸಡಿನಲ್ಲಿ ರಕ್ತ ಬರುವವರೆಗೆ ಉಜ್ಜುತ್ತಿದ್ದುದನ್ನು ನಾನು ನೋಡಿದ್ದೇನೆ. ಮುಂದೆ ಒಳ್ಳೆಯ ಕಡೆಯೇ ಮದುವೆಯಾಯಿತು. ಆದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುವುದು ಅವಳಿಗೆ ರೂಢಿಯಾಗಿ ಉಳಿದಿದೆ.

ಅಕ್ಕ ಹೊತ್ತ ಆಪಾದನೆಗೆ ಉತ್ತರ ಅವಳು ಹುಟ್ಟುವ ಮೊದಲೇ ಅಚ್ಚಾಗಿತ್ತು. ಅಮೆರಿಕದ ಕೊಲರಾಡೊದಲ್ಲಿ ಇಂಥದೇ ಕಂದು ಹಲ್ಲನ್ನು ಕಂಡ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ವರ್ಷಗಟ್ಟಲೆ ಅದರ ಕಾರಣವನ್ನು ಹುಡುಕಿದ. ಹಂದಿಮಾಂಸ ಹೆಚ್ಚು ತಿಂದದ್ದರಿಂದ, ಕೆಟ್ಟ ಹಾಲಿನಿಂದ ಎಂದೆಲ್ಲ ಅಲ್ಲಿಯ ಜನರೂ ಹೇಳುತ್ತಿದ್ದರಂತೆ. ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ಖಚಿತವಾಯಿತು. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ಸನ್ನು ಕುರಿತು ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದರು. ನಮ್ಮ ಎರಡು ಜಿಲ್ಲೆಗಳಿಗೆ ಕಾವೇರಿಯ ನೀರು ತರುವ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ, ಜಪಾನಿನ ಸಾಲದ ನೆರವಿನಿಂದ, ಉದ್ಘಾಟನೆಯಾದದ್ದು 2013ರಲ್ಲಿ. 1937ಕ್ಕೂ 2013ಕ್ಕೂ ನಡುವೆ 76 ವರ್ಷ. ಕೊಳವೆ ಹಾಕಲು ಕೋಟಿಗಟ್ಟಲೆ ಹಣ ಬೇಕು, ತಡವಾಯಿತು ಎನ್ನೋಣ. ಆದರೆ “ತಾಯಿ, ಇದು ನಿನ್ನ ಮೈಗಳ್ಳತನದಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು” ಎಂದು ಹೇಳಲು ಕೊಳವೆ ಬೇಕಿರಲಿಲ್ಲ. ಒಂದು ಹಾಳೆ ಸಾಕಿತ್ತು. ಆ ಒಂದು ಹಾಳೆ ನಮ್ಮ ಊರಿಗೆ ನಮ್ಮ ಮಾತಿನಲ್ಲಿ ಬರಲಿಲ್ಲ.

ಇದಕ್ಕೆ ಪತ್ರಿಕೆಗಳ ದುಬಾರಿ ಚಂದಾವೇ ಕಾರಣ ಎನ್ನುವವರಿದ್ದಾರೆ. ಅದೂ ನಿಜ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾಲಯಗಳಲ್ಲಿ ಸುಮಾರು 13,000 ಪತ್ರಿಕೆಗಳನ್ನು ಓದಲು ಅದರಿಂದ ಅನುಕೂಲವಾಗುತ್ತದೆ. ಒಳ್ಳೆಯದೇ. ಆದರೆ ನಾನು ಮೇಲೆ ಹೇಳಿದ ‘ಬುಲೆಟಿನ್’ನ ಎರಡೂ ವರದಿಗಳನ್ನು ಇಂದು ಒಂದು ಕಾಸೂ ಕೊಡದೆ ಯಾರು ಬೇಕಾದರೂ ಓದಬಹುದು. ಹೀಗಿದ್ದೂ ತುಮಕೂರಿನ ಆ ಹಳ್ಳಿಗಳ ಮನೆಗಳಲ್ಲಿ ಅವನ್ನು ಓದಿದವರು ಎಷ್ಟು ಮಂದಿ ಇದ್ದಾರು? ಬಾಗಿಲಿನ ಬೀಗ ಹಣದ್ದಷ್ಟೇ ಅಲ್ಲ, ಭಾಷೆಯದೂ ಹೌದು.

ಭಾಷೆಯ ಮಾತು ಬಂದಾಗ ನಮ್ಮಂಥ ಗಡಿಯ ಕನ್ನಡಿಗರ ಪಾಡು ಇನ್ನೊಂದು ಸುತ್ತು ಬಿಗಿ. ಕೆಲವು ವರ್ಷಗಳ ಹಿಂದೆ ಆರೋಗ್ಯ ಮತ್ತು ಮನಸ್ಸಿನ ಸ್ಥಿತಿಯನ್ನು ಕುರಿತ ಒಂದು ಸಮೀಕ್ಷೆಯವರು ನಮ್ಮ ಮನೆಗೆ ಬಂದಿದ್ದರು. ನಾನು ಕೆಲಸಕ್ಕೆ ಹೋಗಿದ್ದೆ. ಅಮ್ಮ ಒಬ್ಬಳೇ ಇದ್ದಳು. ಅಪ್ಪ ತೀರಿಕೊಂಡು ವರ್ಷವಾಗಿರಲಿಲ್ಲ. ಅಮ್ಮನಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಎನ್ನುತ್ತಿದ್ದಳು. ಬಂದ ಹುಡುಗಿ ಬಹಳ ಮರ್ಯಾದೆಯಿಂದ ತಮಿಳಿನಲ್ಲಿ, “ಅಮ್ಮಾ, ನಿಮಗೆ ಮನ ಅಳುತ್ತಂ ಉಂಟಾ?” ಎಂಬರ್ಥದ ಪ್ರಶ್ನೆ ಕೇಳಿದಳಂತೆ. ತಮಿಳಿನಲ್ಲಿ ಅದಕ್ಕೆ ಮನಸ್ಸಿನ ಒತ್ತಡ ಎಂದರ್ಥ. ಸಂತೆಯ ತಮಿಳಷ್ಟೇ ಬಲ್ಲ ಅಮ್ಮನ ಕಿವಿಗೆ ಅದು ಕನ್ನಡದ ‘ಅಳು’ವಾಗಿ ಬಿತ್ತು. “ಅಳೋದ್ಯಾಕಮ್ಮ, ಅಳೋ ವಯಸ್ಸೆಲ್ಲ ಹೋಯ್ತು” ಎಂದುಬಿಟ್ಟಳು. ಹುಡುಗಿ ‘ಇಲ್ಲ’ ಎಂಬಲ್ಲಿ ಗುರುತು ಹಾಕಿಕೊಂಡಳು. ಸಂಜೆ ಅಮ್ಮ ಇದನ್ನು ನನಗೆ ಹೇಳಿ, “ನನ್ನ ಅಳು ಕಟ್ಟಿಕೊಂಡು ಆ ಮಗೂಗೇನು?” ಎಂದು ನಕ್ಕಳು.

ಆ ‘ಇಲ್ಲ’ವನ್ನು ಯಾವ ಪರಿಶೀಲಕ ಹಿಡಿಯಬಲ್ಲ? ಅವನ ಮುಂದೆ ಇರುವುದು ಶೇಕಡಾವಾರು. ಲೆಕ್ಕ ಸರಿಯಿದೆ, ಕೋಷ್ಟಕ ಕೂಡಿಬರುತ್ತದೆ. ಒಳಗಿನ ಒಂದು ಮುದುಕಿಯ ಮಾತು ಮಾತ್ರ ತಲೆಕೆಳಗಾಗಿದೆ. ಅಂಥವು ಹತ್ತಾರು ಸೇರಿದರೆ ಗಡಿನಾಡಿನ ಮುದುಕಿಯರು ನೆಮ್ಮದಿಯಾಗಿದ್ದಾರೆಂಬುದೇ ಸಿದ್ಧಾಂತವಾದೀತು. ಫಲಿತಾಂಶವನ್ನು ಊರಿನ ಕಟ್ಟೆಯ ಮೇಲೆ ಊರಿನ ಮಾತಿನಲ್ಲಿ ಓದಿದ್ದರೆ ಹತ್ತು ಮಂದಿ ಎದ್ದು ನಿಂತು, “ಇದು ಹೀಗಲ್ಲ” ಎಂದು ತಿದ್ದುತ್ತಿದ್ದರು. ಹಿಂತಿರುಗಿ ಹೇಳುವುದನ್ನು ನಾನು ದಾನವೆಂದಾಗಲಿ ಉಪಕಾರವೆಂದಾಗಲಿ ತಿಳಿಯದಿರುವುದು ಇದರಿಂದಲೇ. ಅದು ಸತ್ಯಕ್ಕೇ ಬೇಕಾದ ಮೂರನೆಯ ಸಹಿ.

ಹೀಗೆ ಆಗುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಕಾಸರಗೋಡಿನ ಕಡೆಯ ಓದುಗರಾದ ನೀವೇ ಸಾಕ್ಷಿ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಡಾ. ಸಯ್ಯದ್ ಮತ್ತು ಸಂಗಡಿಗರು ಅಲ್ಲಿಯ 117 ಹುಡುಗರನ್ನೂ ಹೋಲಿಕೆಗಾಗಿ ಬೇರೆ ಊರಿನ 90 ಹುಡುಗರನ್ನೂ ಪರೀಕ್ಷಿಸಿ, ಈ ವಿಷದಿಂದ ಗಂಡುಮಕ್ಕಳ ಪ್ರೌಢತೆ ತಡವಾಗುತ್ತಿರಬಹುದೆಂದು 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಬರೆದರು. ಅದನ್ನು ಪ್ರಶ್ನಿಸಿದ ಪತ್ರಗಳೂ ಅದೇ ಪತ್ರಿಕೆಯಲ್ಲಿ ಬಂದವು. ಆದರೆ ವಿದ್ವತ್ ಪತ್ರಿಕೆಯ ಬಹಳ ಮೊದಲೇ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೊರಗೆ ಹೇಳುತ್ತಿದ್ದರು. ಶ್ರೀಪಡ್ರೆಯವರು ಬರೆಯುತ್ತಿದ್ದರು. ಶಾಪವೆಂದೋ ದೈವದ ಮುನಿಸೆಂದೋ ತಲೆತಗ್ಗಿಸಿದ ತಾಯಂದಿರಿಗೆ, ಇದು ನಿಮ್ಮ ಪಾಪವಲ್ಲ ಎಂದು ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಹೇಳುವವರು ಊರಲ್ಲೇ ಇದ್ದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ಹಾಕಿತು. ಇದರ ಹಿಂದೆ ಬಹಳ ಜನರ ಹೋರಾಟವಿದೆ. ನಾನು ಗಮನಿಸುವುದು ಇಷ್ಟನ್ನು: ಹೊರಗಿನವರು ನಂಬುವಂತೆ ಮಾಡಲು ವಿದ್ವತ್ ಪತ್ರಿಕೆ ಬೇಕಾಯಿತು, ಊರಿನವರು ತಲೆ ಎತ್ತುವಂತೆ ಮಾಡಲು ಊರಿನ ಭಾಷೆ ಬೇಕಾಯಿತು.

ಆಕ್ಷೇಪಗಳಿಲ್ಲವೆಂದಲ್ಲ. ಒಂದು, ಅವಸರದಿಂದ ಹೇಳಿದರೆ ಅನಾಹುತವಾದೀತು. ಒಪ್ಪಿದೆ. ಪರಿಶೀಲನೆ ಮುಗಿದ ಮೇಲೆಯೇ ಹೇಳಲಿ. ಎರಡನೆಯ ಸಹಿಯಾಗದೆ ಹಣ ಜಮಾ ಆಯಿತೆಂದು ನಾನೂ ಹೇಳುವುದಿಲ್ಲ. ಎರಡು, ಗುಟ್ಟು ರಟ್ಟಾದೀತು. ಇದು ಹೆಚ್ಚು ತೂಕದ ಆಕ್ಷೇಪ. ಯಾವ ಮನೆಯಲ್ಲಿ ಕ್ಷಯ, ಯಾವ ಮನೆಯಲ್ಲಿ ಕುಡಿತ ಎಂದು ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧಗಳೇ ಮುರಿದುಹೋಗುತ್ತವೆ. ಊರಿಗೇ ಒಂದು ಹೆಸರು ಅಂಟಿಕೊಂಡರೆ ಏನಾಗುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದುದರಿಂದ ಹೇಳಬೇಕಾದ್ದು ಮನೆಯ ಸಂಗತಿಯನ್ನಲ್ಲ, ಒಟ್ಟು ಕಾಣ್ಕೆಯನ್ನು. ಮೊದಲು ಊರಿನವರಿಗೆ, ಆಮೇಲೆ ಊರ ಹೊರಗಿನವರಿಗೆ. ಮೂರು, ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಇದಕ್ಕೆ ನನ್ನ ಉತ್ತರ ಚಿಕ್ಕದು: ಪ್ರಶ್ನೆ ಅರ್ಥವಾದವರಿಗೆ ಉತ್ತರವೂ ಅರ್ಥವಾಗುತ್ತದೆ.

ವಿದ್ವಾಂಸರೂ ಇದನ್ನು ತಾತ್ತ್ವಿಕವಾಗಿ ಒಪ್ಪಿಕೊಂಡಿದ್ದಾರೆ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅಂಗೀಕರಿಸಿದ ಘೋಷಣೆಯ 2013ರ ಪರಿಷ್ಕರಣೆ, ಅಧ್ಯಯನಕ್ಕೆ ಒಳಗಾದವರಿಗೆ ಅದರ ಒಟ್ಟು ಫಲಿತಾಂಶವನ್ನು ತಿಳಿದುಕೊಳ್ಳುವ ಅವಕಾಶ ಕೊಡಬೇಕೆಂದು ಸ್ಪಷ್ಟವಾಗಿ ಹೇಳಿದೆ. ಕಾಗದದಲ್ಲಿರುವುದು ಕಟ್ಟೆಗೆ ಬರಬೇಕು, ಅಷ್ಟೇ. ಲೇಖನ ಅಚ್ಚಾದರೆ ಸಂಶೋಧಕನಿಗೆ ಪದವಿ ಬರುತ್ತದೆ, ಬಡ್ತಿ ಬರುತ್ತದೆ. ಹಳ್ಳಿಗೆ ಹಿಂತಿರುಗಿ ಬಂದದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅಂಕವಿಲ್ಲದ ಕೆಲಸವನ್ನೂ ಮಾಡಿಸುವುದೇ ಧರ್ಮ ಎಂದು ನನ್ನ ತಿಳಿವಳಿಕೆ.

ಇದರಲ್ಲಿ ನಮ್ಮ ಪಾಲೂ ಇದೆ. ಎರಡು ಮೂರು ಭಾಷೆಗಳ ನಡುವೆ ಬದುಕುವುದನ್ನು ನಾವು ಕಷ್ಟವೆಂದೇ ಹೇಳಿಕೊಳ್ಳುತ್ತೇವೆ. ಅದು ಒಂದು ಯೋಗ್ಯತೆಯೂ ಹೌದು. ಒಂದು ಇಂಗ್ಲಿಷ್ ವರದಿಯನ್ನು ಒಂದು ಪುಟದ ಕನ್ನಡಕ್ಕೋ ಮಲಯಾಳಕ್ಕೋ ಇಳಿಸಿ, ಸಂಘದ ಸಭೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಬಲ್ಲ ಮೇಷ್ಟ್ರುಗಳು, ನರ್ಸುಗಳು, ಗುಮಾಸ್ತರು ನಮ್ಮ ನಡುವೆ ಇದ್ದಾರೆ. ಇಂಥ ವಾರ್ಷಿಕ ಸಂಚಿಕೆಗಳಲ್ಲೂ ಅದಕ್ಕೆ ನಾಲ್ಕು ಪುಟ ಸಿಕ್ಕಬಹುದು.

ಇನ್ನು ಮುಂದೆ ಯಾರಾದರೂ ಪ್ರಶ್ನಾವಳಿ ಹಿಡಿದು ನಮ್ಮ ಜಗಲಿಗೆ ಬಂದರೆ ಅವರನ್ನು ಕೂರಿಸಿ, ನೀರು ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೆಲ್ಲ ಸತ್ಯವಾಗಿ ಉತ್ತರ ಹೇಳೋಣ. ಆ ಉತ್ತರಗಳಿಂದ ಯಾರದೋ ಮಗು ಬದುಕೀತು. ಅವರು ಏಳುವ ಮೊದಲು ನಮ್ಮದೂ ಒಂದು ಪ್ರಶ್ನೆಯನ್ನು ಕೇಳೋಣ: “ಇದರಿಂದ ನಿಮಗೆ ತಿಳಿದದ್ದನ್ನು ನಮಗೆ ಯಾವಾಗ, ಯಾವ ಭಾಷೆಯಲ್ಲಿ ಬಂದು ಹೇಳುತ್ತೀರಿ?”